ಕೈನಡುಕದ ಬೇರು, ಮನಸ್ಸಿನ ಬೇರು

1936ನೆಯ ಇಸವಿಯ ಕೊನೆ. ಶಿಕಾಗೊ ನಗರವನ್ನು ಹಿಂಡಿದ್ದ ಆರ್ಥಿಕ ಮುಗ್ಗಟ್ಟು ಇನ್ನೂ ಪೂರ್ತಿ ಸಡಿಲಗೊಂಡಿರಲಿಲ್ಲ. ನಗರದ ದಕ್ಷಿಣಕ್ಕೆ, ಮಿಶಿಗನ್ ಸರೋವರಕ್ಕೆ ಸಮೀಪದ ಹೈಡ್ ಪಾರ್ಕಿನಲ್ಲಿದ್ದ ವಿಶ್ವವಿದ್ಯಾಲಯದಲ್ಲಿ ಆಗ ಹೈನ್ರಿಕ್ ಕ್ಲೂವರ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. ಜರ್ಮನಿಯಲ್ಲಿ 1897ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧವನ್ನು ಸೈನಿಕರಾಗಿ ಕಂಡು, 1923ರಲ್ಲಿ ಅಮೆರಿಕಕ್ಕೆ ಬಂದವರು. ಕಳ್ಳಿಯ ಜಾತಿಯ ಒಂದು ಗಿಡದಿಂದ ತೆಗೆಯುವ ಮೆಸ್ಕಲಿನ್ ಎಂಬ ವಸ್ತು ಮನುಷ್ಯನ ಕಣ್ಣೆದುರು ಬಣ್ಣಬಣ್ಣದ ಆಕೃತಿಗಳನ್ನು ತಂದು ನಿಲ್ಲಿಸುವುದು ಹೇಗೆಂಬ ಕುತೂಹಲ ಅವರನ್ನು ವರ್ಷಗಟ್ಟಲೆ ಕಾಡಿತ್ತು. ಅದನ್ನು ಮಂಗಗಳಿಗೆ ಕೊಟ್ಟಾಗ ಅವು ತುಟಿ ಚಪ್ಪರಿಸತೊಡಗಿದವು. ಮೂರ್ಛೆರೋಗದ ಒಂದು ಬಗೆಯಲ್ಲಿ ರೋಗಿಗಳೂ ಹೀಗೇ ತುಟಿಯಾಡಿಸುತ್ತಾರೆ. ಆ ಮೂರ್ಛೆ ಹುಟ್ಟುವುದು ಕಿವಿಯ ಮೇಲ್ಭಾಗದಲ್ಲಿ, ತಲೆಬುರುಡೆಯ ಒಳಗಿರುವ ಟೆಂಪೊರಲ್ ಹಾಲೆಯಲ್ಲಿ. ಹಾಗಾದರೆ ಆ ಹಾಲೆಯನ್ನೇ ತೆಗೆದುಬಿಟ್ಟರೆ ಮೆಸ್ಕಲಿನ್ ಏನು ಮಾಡೀತು? ಕ್ಲೂವರ್ ಈ ಪ್ರಶ್ನೆ ಹಿಡಿದು ಅದೇ ಆವರಣದ ನರಶಸ್ತ್ರವೈದ್ಯರೊಬ್ಬರ ಬಳಿ ಹೋದರು.

ಆ ವೈದ್ಯರ ಹೆಸರು ಪಾಲ್ ಬ್ಯೂಸಿ. ಅಯೋವಾ ರಾಜ್ಯದ ಹಳ್ಳಿಗಾಡಿನಿಂದ ಬಂದ ಅವರಿಗೆ ಆಗ 32 ವರ್ಷ. ಇತಿಹಾಸ ಅವರನ್ನು ಮಂಗಗಳ ಪ್ರಯೋಗಕ್ಕಾಗಿ ನೆನೆಯುತ್ತದೆ. ಆದರೆ ಅವರ ಸ್ವಂತ ತವಕ ಬೇರೆಯೇ ಆಗಿತ್ತು. ನಿಲ್ಲದೆ ನಡುಗುವ ಕೈ, ತಾನಾಗಿಯೇ ಹೊಸೆದುಕೊಳ್ಳುವ ಬೆರಳು, ಹತೋಟಿಗೆ ಸಿಗದ ಕಾಲು: ಇವುಗಳಿಗೆ ಆ ದಿನಗಳಲ್ಲಿ ಹೇಳಿಕೊಳ್ಳುವಂಥ ಮದ್ದೇ ಇರಲಿಲ್ಲ. ಬ್ಯೂಸಿ 1932ರಲ್ಲಿ ಬುಕಾನನ್ ಎಂಬ ಸಹೋದ್ಯೋಗಿಯ ಜತೆಗೂಡಿ, ಮೆದುಳಿನ ಮೇಲ್ಪದರದ ಒಂದು ಭಾಗವನ್ನು ತೆಗೆದು ಅಂಗಗಳು ಹೊಸೆಯುವುದನ್ನು ತಗ್ಗಿಸಿದ ವರದಿ ಪ್ರಕಟಿಸಿದ್ದರು. ಮುಂದೆ 1939ರಲ್ಲಿ ಕೇಸ್ ಎಂಬುವರ ಜತೆ, ನಡುಕವನ್ನು ಶಸ್ತ್ರಕ್ರಿಯೆಯಿಂದ ನಿಲ್ಲಿಸಬಹುದೆಂದು ತೋರಿಸಿದರು. ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ನಡುಕದ ಜತೆಗೆ ಆ ಕೈಯ ಬಲವೂ ಹೋಗುತ್ತಿತ್ತು. ನಡುಗುವ ಕೈಗಿಂತ ಸೋತ ಕೈಯೇ ವಾಸಿ ಎಂದು ಒಪ್ಪಿ ಬಂದ ರೋಗಿಗಳು ಎಷ್ಟು ನೊಂದಿದ್ದರೆಂಬುದನ್ನು ನಾವು ಇಂದು ಊಹಿಸಿಕೊಳ್ಳಬೇಕಷ್ಟೆ.

1936ರ ಡಿಸೆಂಬರ್ 7ರಂದು ಬ್ಯೂಸಿ ಶಸ್ತ್ರ ಹಿಡಿದದ್ದು ಅರೋರಾ ಎಂಬ ಹೆಣ್ಣು ರೀಸಸ್ ಮಂಗದ ಮೇಲೆ. ಹತ್ತಿರ ಹೋದವರ ಮೇಲೆ ಎರಗುವ, ಯಾರ ಕೈಗೂ ಸಿಗದ ಪ್ರಾಣಿ ಅದು. ಎಡಗಡೆಯ ಟೆಂಪೊರಲ್ ಹಾಲೆಯನ್ನು ತೆಗೆದು ಹೊಲಿದರು. ಮರುದಿನ ನೋಡಿದರೆ ಅರೋರಾ ಸಾಧುವಾಗಿತ್ತು. ಏನು ಮಾಡಿದಿರಿ ನನ್ನ ಮಂಗಕ್ಕೆ ಎಂದು ಕ್ಲೂವರ್ ಬೆರಗಾಗಿ ಕೇಳಿದರೆಂದು ಬ್ಯೂಸಿ ಮುಪ್ಪಿನಲ್ಲಿ ನೆನೆಯುತ್ತಿದ್ದರು.

ಎರಡೂ ಪಕ್ಕದ ಹಾಲೆಗಳನ್ನು ಕಳೆದುಕೊಂಡ ಮಂಗಗಳ ನಡವಳಿಕೆ ಇನ್ನೂ ವಿಚಿತ್ರವಾಗಿತ್ತು. ಕಣ್ಣು ಕಾಣುತ್ತಿತ್ತು, ಆದರೆ ಕಂಡದ್ದು ಏನೆಂದು ತಿಳಿಯುತ್ತಿರಲಿಲ್ಲ. ಎದುರಿಗೆ ಇಟ್ಟದ್ದನ್ನೆಲ್ಲ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಮೊಳೆಯನ್ನೂ ತಿನಿಸನ್ನೂ ಮುಂದಿಟ್ಟರೆ ಮೊದಲು ಮೊಳೆ ಕಚ್ಚಿ ನೋಡಿ ಬಿಡುವುದು, ಆಮೇಲೆ ತಿನಿಸು, ಮತ್ತೆ ಅದೇ ಮೊಳೆ. ಹಾವನ್ನು ಕಂಡರೆ ಹೌಹಾರಬೇಕಾದ ಪ್ರಾಣಿ, ಬುಸುಗುಡುವ ಹಾವಿನ ನಾಲಗೆಯನ್ನೇ ಮುಟ್ಟಲು ಹೋಗುತ್ತಿತ್ತು. ಕೋಪವಿಲ್ಲ, ಭಯವಿಲ್ಲ; ಕಾಮಕ್ಕೆ ಮಾತ್ರ ಲಂಗುಲಗಾಮಿಲ್ಲ. ಮೆಸ್ಕಲಿನ್‌ನ ಪ್ರಶ್ನೆ ಬದಿಗೆ ಸರಿಯಿತು. ಇಬ್ಬರೂ 1937ರಲ್ಲಿ ಮೊದಲ ವರದಿಯನ್ನೂ 1939ರಲ್ಲಿ ವಿವರವಾದ ಲೇಖನವನ್ನೂ ಪ್ರಕಟಿಸಿದರು. ಅರ್ಧ ಶತಮಾನದ ಹಿಂದೆ, 1888ರಲ್ಲಿ, ಲಂಡನ್ನಿನಲ್ಲಿ ಸ್ಯಾಂಗರ್ ಬ್ರೌನ್ ಮತ್ತು ಶೇಫರ್ ಇಂಥದ್ದನ್ನೇ ಕಂಡು ಬರೆದಿದ್ದರು. ಆ ಬ್ರೌನ್ ಮುಂದೆ ಶಿಕಾಗೊ ಪ್ರಾಂತದಲ್ಲೇ ವೈದ್ಯರಾಗಿ ನೆಲೆಸಿದವರು. ಅವರ ಲೇಖನ ಮರೆತೇಹೋಗಿತ್ತು.

ಭಯ, ಕೋಪ, ಆಸೆಗಳಿಗೆ ಮೆದುಳಿನಲ್ಲಿ ನೆಲೆಯಿದೆ, ಆ ನೆಲೆಯನ್ನು ಚಾಕು ಮುಟ್ಟಬಲ್ಲದು ಎಂಬುದು ಹೀಗೆ ಬೆಳಕಿಗೆ ಬಂತು. ನಡುಕ ನಿಲ್ಲಿಸುವ ಕೈ ಯಾವುದೋ ಅದೇ ಕೈ ಸ್ವಭಾವವನ್ನೂ ತಿದ್ದಿತ್ತು. ಈ ಕಥೆಯನ್ನು ಓದುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ಇದು. ಮುಂದೆ ನಡೆದದ್ದೆಲ್ಲ ಇದರ ವಿಸ್ತರಣೆಯೇ. ಕ್ಲೂವರ್ ಆಮೇಲೂ ದಶಕಗಳ ಕಾಲ ಅಲ್ಲೇ ದುಡಿದರು. 

ಅರೋರಾ ಶಸ್ತ್ರಕ್ರಿಯೆಗೆ ಒಳಗಾದ ವರ್ಷದ ಸೆಪ್ಟೆಂಬರಿನಲ್ಲೇ ವಾಷಿಂಗ್ಟನ್ನಿನಲ್ಲಿ ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್ ಅಮೆರಿಕದ ಮೊದಲ ಲೋಬಾಟಮಿ ನಡೆಸಿದ್ದರು. ಮನೋರೋಗಿಗಳ ಮುಂದಲೆಯ ನರತಂತುಗಳನ್ನು ಕತ್ತರಿಸುವ ಆ ವಿದ್ಯೆ ಮುಂದಿನ ಹದಿನೈದಿಪ್ಪತ್ತು ವರ್ಷ ದೇಶವನ್ನೇ ಆವರಿಸಿತು. ಅದರ ಅನಾಹುತ ಕಂಡು ಮರುಗಿದ ಫಿಲಡೆಲ್ಫಿಯಾದ ಅರ್ನೆಸ್ಟ್ ಸ್ಪೀಗೆಲ್ ಮತ್ತು ಹೆನ್ರಿ ವೈಸಿಸ್ 1947ರಲ್ಲಿ, ತಲೆಗೆ ಚೌಕಟ್ಟೊಂದನ್ನು ಬಿಗಿದು, ಅಳತೆಯ ಪ್ರಕಾರ ಮೆದುಳಿನ ಆಳಕ್ಕೆ ಒಂದೇ ಒಂದು ಸೂಜಿ ಇಳಿಸುವ ಉಪಕರಣ ಮಾಡಿದರು. ಮೊದಲಿಗೆ ಅವರ ಗುರಿ ಮನಸ್ಸಿನ ಬೇನೆಯೇ. ನಡುಕದ ರೋಗಿಗಳು ಆಮೇಲೆ ಬಂದರು. ಬಂದವರೇ ಆ ಉಪಕರಣದ ಮುಖ್ಯ ಫಲಾನುಭವಿಗಳಾದರು. ಬೆಂಗಳೂರೂ ಈ ಚರಿತ್ರೆಯಿಂದ ಹೊರಗಿಲ್ಲ. ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಡಾ. ಆರ್.ಎಂ. ವರ್ಮಾ ಚೌಕಟ್ಟಿನ ಹಂಗಿಲ್ಲದೆ, ತಲೆಬುರುಡೆಯ ತಳದಲ್ಲಿ ಪ್ರಕೃತಿಯೇ ಇಟ್ಟ ರಂಧ್ರದ ಮೂಲಕ ಸೂಜಿ ಇಳಿಸಿ ಪಾರ್ಕಿನ್ಸನ್ ರೋಗಿಗಳ ನಡುಕ ತಗ್ಗಿಸುವ ತಮ್ಮದೇ ವಿಧಾನ ಕಂಡುಕೊಂಡರು. 1960ರ ದಶಕದ ಕೊನೆಗೆ ಲೆವೊಡೋಪ ಎಂಬ ಔಷಧಿ ಬಂದಮೇಲೆ ಎಲ್ಲೆಡೆ ಇಂಥ ಶಸ್ತ್ರಕ್ರಿಯೆಗಳು ವಿರಳವಾದವು.

ಈ ನಡುವೆ ಇನ್ನೊಂದು ದಾರಿ ತೆರೆದುಕೊಂಡಿತ್ತು. ಶಿಕಾಗೊದಲ್ಲೇ 1922ರಲ್ಲಿ ಹುಟ್ಟಿದ ಜೇಮ್ಸ್ ಓಲ್ಡ್ಸ್ ಎಂಬ ಯುವಕ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಟರ್ ಮಿಲ್ನರ್ ಜತೆ ಇಲಿಯ ಮೆದುಳಿಗೆ ತಂತಿ ಇಳಿಸಿ ನೋಡುತ್ತಿದ್ದರು. ತಂತಿಯೊಂದು ಗುರಿ ತಪ್ಪಿ ಬೇರೆಡೆ ಕೂತಿತು. ಆ ಇಲಿ, ತನಗೆ ವಿದ್ಯುತ್ತಿನ ಸ್ಪರ್ಶ ಸಿಕ್ಕ ಮೇಜಿನ ಮೂಲೆಗೇ ಮತ್ತೆ ಮತ್ತೆ ಹೋಗಿ ನಿಲ್ಲತೊಡಗಿತು. ಮುಂದೆ, ಒತ್ತಿದರೆ ವಿದ್ಯುತ್ತು ಹರಿಯುವ ಸನ್ನೆಕೋಲನ್ನು ಇಲಿಗಳ ಕೈಗೇ ಕೊಟ್ಟರು. ಅವು ಗಂಟೆಗೆ ಸಾವಿರಾರು ಬಾರಿ ಒತ್ತಿದವು. 1954ರಲ್ಲಿ ಈ ಸುದ್ದಿ ಹೊರಬಿದ್ದಾಗ, ಸುಖದ ನೆಲೆಯೇ ಸಿಕ್ಕಿತೆಂದು ಜಗತ್ತು ಹಿಗ್ಗಿತು. ಓಲ್ಡ್ಸ್ 1957ರಲ್ಲಿ ಡೆಟ್ರಾಯಿಟ್‌ನಿಂದ ಸುಮಾರು 65 ಕಿಲೊಮೀಟರ್ ಪಶ್ಚಿಮಕ್ಕಿರುವ ಆನ್ ಆರ್ಬರ್‌ಗೆ, ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಬಂದು 1969ರವರೆಗೆ ಅಲ್ಲಿದ್ದರು. ಸುಖದ ನೆಲೆ ಎಂಬ ಆ ಹೆಸರು ಸರಿಯೇ ಎಂಬ ಪ್ರಶ್ನೆಯನ್ನು ಅದೇ ಊರಿನಲ್ಲಿ ಇನ್ನೊಬ್ಬರು ಎತ್ತಬೇಕಾಗಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

1967ರ ಜುಲೈ 23ರಂದು ಡೆಟ್ರಾಯಿಟ್ ಹೊತ್ತಿ ಉರಿಯಿತು. ಪೊಲೀಸರು, ಸೈನ್ಯ, ಬಡತನ, ವರ್ಣದ್ವೇಷ ಎಲ್ಲ ಸೇರಿದ ಆ ಗಲಭೆಯಲ್ಲಿ 43 ಜನ ಸತ್ತರು. ಅದಾಗಿ ಎರಡು ತಿಂಗಳಾಗುವ ಮುನ್ನವೇ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬಾಸ್ಟನ್ನಿನ ಮೂವರು ವೈದ್ಯರಾದ ಮಾರ್ಕ್, ಸ್ವೀಟ್ ಮತ್ತು ಅರ್ವಿನ್ ಅವರ ಪತ್ರ ಅಚ್ಚಾಯಿತು. ಬಡತನ, ನಿರುದ್ಯೋಗಗಳೇನೋ ಸರಿ, ಆದರೆ ದೊಂಬಿಗೆ ಇಳಿದವರಲ್ಲಿ ಕೆಲವರ ಮೆದುಳಿನಲ್ಲೇ ರೋಗವಿರಬಹುದಲ್ಲವೇ ಎಂಬುದು ಆ ಪತ್ರದ ಇಂಗಿತ. ಊರಿನ ಗಾಯಕ್ಕೆ ಕಾರಣವನ್ನು ವ್ಯಕ್ತಿಯ ತಲೆಬುರುಡೆಯೊಳಗೆ ಹುಡುಕುವ ಈ ಯೋಚನೆ ಅಪಾಯದ್ದು. ಆದರೆ ಆ ಕಾಲಕ್ಕೆ ಅದು ಹಲವರಿಗೆ ವಿಜ್ಞಾನದ ಮುನ್ನಡೆಯಾಗಿ ಕಂಡಿತು.

ಡೆಟ್ರಾಯಿಟ್‌ನ ಲಫಯೆಟ್ ಕ್ಲಿನಿಕ್ ರಾಜ್ಯ ಸರ್ಕಾರದ ಮನೋರೋಗ ಸಂಶೋಧನಾ ಆಸ್ಪತ್ರೆ. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದೊಂದಿಗೆ ಕೂಡಿ ನಡೆಯುತ್ತಿತ್ತು. ಅದರ ನಿರ್ದೇಶಕರು ಡಾ. ಜಾಕ್ ಗಾಟ್ಲೀಬ್. ಮೂರ್ಛೆರೋಗದಲ್ಲಿ ಪರಿಣತರಾಗಿದ್ದ ಡಾ. ಅರ್ನ್ಸ್ಟ್ ರೋಡಿನ್ ಜತೆಗೂಡಿ ಅವರು 1972ರಲ್ಲಿ ಒಂದು ಯೋಜನೆ ಸಿದ್ಧಪಡಿಸಿದರು. ಹತೋಟಿ ಮೀರಿದ ಆಕ್ರಮಣ ಪ್ರವೃತ್ತಿಯವರಲ್ಲಿ ಗಂಡು ಹಾರ್ಮೋನನ್ನು ತಗ್ಗಿಸುವ ಔಷಧಿ ಮೇಲೋ, ಟೆಂಪೊರಲ್ ಹಾಲೆಯೊಳಗಿನ ಅಮಿಗ್ಡಲಾ ಎಂಬ ಭಾಗದ ಶಸ್ತ್ರಕ್ರಿಯೆ ಮೇಲೋ ಎಂದು ಹೋಲಿಸಿ ನೋಡುವುದು. ಮೆದುಳಿನ ಆಳಕ್ಕೆ ಎಲೆಕ್ಟ್ರೋಡುಗಳನ್ನು ಇಳಿಸಿ, ವಿದ್ಯುತ್ತಿನ ಏರಿಳಿತ ಗುರುತು ಹಾಕಿಕೊಂಡು, ದೋಷವಿದ್ದ ಜಾಗ ಸಿಕ್ಕಿದರೆ ಅದನ್ನು ಸುಟ್ಟುಹಾಕುವುದು. ರಾಜ್ಯದ ಶಾಸನಸಭೆ ಹಣ ಕೊಟ್ಟಿತು. 24 ಜನರ ಮೇಲೆ ನಡೆಸಬೇಕೆಂದಿದ್ದ ಆ ಪ್ರಯೋಗಕ್ಕೆ ತಕ್ಕವನಾಗಿ ಸಿಕ್ಕಿದ್ದು ಒಬ್ಬನೇ ಒಬ್ಬ.

ನ್ಯಾಯಾಲಯ ಅವನನ್ನು ಜಾನ್ ಡೋ ಎಂದು ಕರೆಯಿತು. ಇಲ್ಲಿ ಆ ಹೆಸರೇ ಸಾಕು. ಕಲಮಜೂ ಊರಿನ ಮನೋರೋಗದ ಆಸ್ಪತ್ರೆಯಲ್ಲಿ ರೋಗಿಯಾಗಿದ್ದಾಗಲೇ ತರಬೇತಿಯ ದಾದಿಯೊಬ್ಬಳ ಕೊಲೆ ಮತ್ತು ಅತ್ಯಾಚಾರದ ಆರೋಪ ಅವನ ಮೇಲೆ ಬಂದಿತ್ತು. ಆ ಹೆಣ್ಣುಮಗಳನ್ನು ನೆನೆಯದೆ ಈ ಕಥೆ ಹೇಳುವುದು ಸಲ್ಲದು. ವಿಚಾರಣೆ ನಡೆಯಲಿಲ್ಲ. ಲೈಂಗಿಕ ಮನೋವಿಕೃತರೆಂದು ಕಂಡವರನ್ನು ಅವಧಿಯ ಮಿತಿಯಿಲ್ಲದೆ ಕೂಡಿಹಾಕಲು ಮಿಶಿಗನ್‌ನಲ್ಲಿ ಆಗ ಇದ್ದ ಕಾನೂನಿನಡಿ 1955ರ ಜನವರಿ 11ರಂದು ಅವನನ್ನು ಅಯೋನಿಯಾ ಆಸ್ಪತ್ರೆಗೆ ಸೇರಿಸಿದರು. ಆ ಕಾನೂನು 1968ರಲ್ಲಿ ರದ್ದಾಯಿತು. ಅವನು ಒಳಗೇ ಉಳಿದ. 1972ರ ನವೆಂಬರಿನಲ್ಲಿ ಲಫಯೆಟ್ ಕ್ಲಿನಿಕ್ಕಿಗೆ ಕರೆತರುವ ಹೊತ್ತಿಗೆ ಗೋಡೆಗಳ ಒಳಗೆ ಸುಮಾರು 18 ವರ್ಷ ಕಳೆದಿದ್ದ. ಶಸ್ತ್ರಕ್ರಿಯೆಗೆ ಒಪ್ಪಿ ಸಹಿ ಮಾಡಿದ. ತಂದೆತಾಯಿಯೂ ಸಹಿ ಮಾಡಿದರು. ವಿಜ್ಞಾನದ ಸಮಿತಿ ಒಂದು, ಮಾನವ ಹಕ್ಕುಗಳ ಸಮಿತಿ ಒಂದು, ಎರಡೂ ಪರಿಶೀಲಿಸಿದವು. ಎರಡನೆಯದರಲ್ಲಿ ಒಬ್ಬ ಕಾನೂನು ಪ್ರಾಧ್ಯಾಪಕರು, ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಲೆಕ್ಕಪರಿಶೋಧಕರು ಇದ್ದರು. ಒಪ್ಪಿಗೆ ಸಿಕ್ಕಿತು. ಎಲ್ಲವೂ ಕ್ರಮಬದ್ಧ. 1973ರ ಜನವರಿ ನಡುವಿಗೆ ಎಲೆಕ್ಟ್ರೋಡ್ ಇಳಿಸುವುದೆಂದು ಗೊತ್ತಾಯಿತು.

ಆಗ ಗೇಬ್ ಕೈಮೊವಿಟ್ಜ್ ಎಂಬ ವಕೀಲರಿಗೆ ಸುಳಿವು ಸಿಕ್ಕಿತು. ಬಡವರಿಗೆ ಕಾನೂನಿನ ನೆರವು ನೀಡುವ ಸಂಸ್ಥೆಯಲ್ಲಿದ್ದವರು ಅವರು. ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆಗೆ ಸುದ್ದಿ ಮುಟ್ಟಿಸಿ, ವೇಯ್ನ್ ಕೌಂಟಿಯ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಊರೆಲ್ಲ ಕೋಲಾಹಲವಾಯಿತು. ರಾಜ್ಯ ಹಣ ನಿಲ್ಲಿಸಿತು, ವೈದ್ಯರು ಯೋಜನೆ ಕೈಬಿಟ್ಟರು. ಅಲ್ಲಿಗೆ ಮುಗಿಯಿತು ಎನ್ನಬಹುದಾಗಿತ್ತು. ಆದರೆ ಇಂಥ ಪ್ರಯೋಗ ನಾಳೆ ಮತ್ತೆ ತಲೆಯೆತ್ತಬಹುದೆಂದು ಮನಗಂಡು ಹೊರೇಸ್ ಗಿಲ್ಮೋರ್, ಜಾರ್ಜ್ ಬೌಲ್ಸ್, ಜಾನ್ ಓಹೇರ್ ಎಂಬ ಮೂವರು ನ್ಯಾಯಾಧೀಶರು ವಿಚಾರಣೆ ಮುಂದುವರಿಸಿದರು. ಮೊದಲು, ಜಾನ್ ಡೋನನ್ನು ಕೂಡಿಟ್ಟದ್ದೇ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ಬಿಡುಗಡೆಗೆ ಆಜ್ಞೆ ಮಾಡಿದರು. ಇದಾದಮೇಲೆ ಅವನು ಶಸ್ತ್ರಕ್ರಿಯೆಗೆ ಕೊಟ್ಟಿದ್ದ ತನ್ನ ಒಪ್ಪಿಗೆಯನ್ನು ಹಿಂದಕ್ಕೆ ಪಡೆದ. ಹದಿನೆಂಟು ವರ್ಷದ ಸೆರೆಯ ಭಾರ ಆ ಸಹಿಯ ಮೇಲೆ ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1973ರ ಜುಲೈ 10ರಂದು ತೀರ್ಪು ಬಂತು. ಒಪ್ಪಿಗೆ ಎಂದರೆ ಮೂರು ಸಂಗತಿ ಕೂಡಿಬರಬೇಕು: ಒಪ್ಪುವವನಿಗೆ ತೀರ್ಮಾನಿಸುವ ಶಕ್ತಿ, ಏನಾಗುವುದೆಂಬ ತಿಳಿವಳಿಕೆ, ಮತ್ತು ಯಾರ ಒತ್ತಡವೂ ಇಲ್ಲದ ಮನಸ್ಸು. ನಾತ್ಸಿ ವೈದ್ಯರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಿಂದ ಈ ಅಳತೆಗೋಲು ಬಂದಿತ್ತು. ವರ್ಷಗಟ್ಟಲೆ ಕೂಡಿಟ್ಟವನಿಗೆ ಊಟ, ನಿದ್ದೆ, ಓಡಾಟ ಯಾವುದರಲ್ಲೂ ಸ್ವಂತ ತೀರ್ಮಾನವಿರುವುದಿಲ್ಲ. ಬಿಡುಗಡೆ ಯಾರ ಕೈಯಲ್ಲಿದೆಯೋ ಅವರು ಕೇಳಿದಾಗ ಅವನು ಬೇಡವೆನ್ನುವುದು ಹೇಗೆ? ಶಸ್ತ್ರಕ್ರಿಯೆಯ ಫಲ ವೈದ್ಯರಿಗೇ ಸರಿಯಾಗಿ ತಿಳಿಯದಿರುವಾಗ ಅವನಿಗೆ ತಿಳಿಸುವವರು ಯಾರು? ಆದ್ದರಿಂದ ಬಲವಂತದಿಂದ ಕೂಡಿಟ್ಟವರು ಇಂಥ ಪ್ರಾಯೋಗಿಕ ಶಸ್ತ್ರಕ್ರಿಯೆಗೆ ಕಾನೂನು ಮೆಚ್ಚುವ ಒಪ್ಪಿಗೆ ಕೊಡಲಾರರು ಎಂದಿತು ನ್ಯಾಯಪೀಠ. ಅಲ್ಲಿಗೆ ನಿಲ್ಲದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಾತಿನ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನ, ಆ ಮಾತಿಗೆ ಮೂಲವಾದ ಆಲೋಚನೆ ಹುಟ್ಟುವ ಶಕ್ತಿಯನ್ನೂ ಕಾಯಬೇಕು. ಭಾವನೆಗಳನ್ನು ಮೊಂಡು ಮಾಡುವ ಶಸ್ತ್ರ ಆ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ಅದರ ವಾದ. ಒಂದು ಕೌಂಟಿಯ ನ್ಯಾಯಾಲಯ ಮನುಷ್ಯನ ಅಂತರಂಗದ ಪರವಾಗಿ ಇಷ್ಟು ದೂರ ಮಾತನಾಡಿದ್ದು ದೊಡ್ಡ ಸಂಗತಿ. ಮುಂದಿನ ವರ್ಷವೇ ಅಮೆರಿಕದ ಸಂಸತ್ತು ಪ್ರಯೋಗಕ್ಕೊಳಗಾಗುವವರ ರಕ್ಷಣೆಗೆ ರಾಷ್ಟ್ರೀಯ ಆಯೋಗ ನೇಮಿಸಿತು. ಲಫಯೆಟ್ ಕ್ಲಿನಿಕ್ 1992ರಲ್ಲಿ ಬಾಗಿಲು ಮುಚ್ಚಿತು.

ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸುವ ವಿದ್ಯೆ ಮಾತ್ರ ಬೇರೆ ಬಾಗಿಲಿನಿಂದ, ನಡುಕದ ಬಾಗಿಲಿನಿಂದ, ಮರಳಿ ಬಂತು. ಫ್ರಾನ್ಸಿನ ಗ್ರನೋಬಲ್‌ನಲ್ಲಿ 1987ರಲ್ಲಿ ಅಲೀಮ್ ಲೂಯಿ ಬೆನಬಿದ್, ಆಳಕ್ಕೆ ಇಳಿಸಿದ ತಂತಿಗೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಮಿಡಿಯುವ ವಿದ್ಯುತ್ತು ಕೊಟ್ಟರೆ ಏನನ್ನೂ ಸುಡದೆಯೇ ನಡುಕ ನಿಲ್ಲುತ್ತದೆಂದು ತೋರಿಸಿದರು. ಔಷಧಿ, ಚಿಕಿತ್ಸಾ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್ ರೋಗದ ಇತರ ತೊಂದರೆಗಳಿಗೆ ಇದನ್ನು ಒಪ್ಪಿತು. ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ಆಸ್ಪತ್ರೆಯ ಮಾತಿನಲ್ಲಿ ಡಿಬಿಎಸ್, ಶಿಕಾಗೊ ಡೆಟ್ರಾಯಿಟ್‌ಗಳ ದೊಡ್ಡ ಆಸ್ಪತ್ರೆಗಳಲ್ಲಿ ರೂಢಿಯ ಚಿಕಿತ್ಸೆಯಾಯಿತು. ತಂತಿಯ ದಪ್ಪ ಒಂದೂಕಾಲು ಮಿಲಿಮೀಟರಿನಷ್ಟು. ಅದರ ತುದಿಯಲ್ಲಿ ಒಂದೂವರೆ ಮಿಲಿಮೀಟರಿನ ನಾಲ್ಕು ಲೋಹದ ಉಂಗುರ. ಬ್ಯಾಟರಿ ಕೊರಳೆಲುಬಿನ ಕೆಳಗೆ, ಚರ್ಮದಡಿ. ಹೊರಗಿನಿಂದಲೇ ವಿದ್ಯುತ್ತನ್ನು ಏರಿಸಬಹುದು, ಇಳಿಸಬಹುದು, ಆರಿಸಿಯೂಬಿಡಬಹುದು. ಬ್ಯೂಸಿಯ ಕಾಲದ ರೋಗಿ ಕಳೆದುಕೊಂಡ ಕೈಬಲ ಈ ರೋಗಿಗೆ ಉಳಿಯಿತು.

ಆದರೆ ಮೆದುಳಿನ ರಚನೆ 1936ರಲ್ಲಿ ಇದ್ದಂತೆಯೇ ಇತ್ತು. ಪಾರ್ಕಿನ್ಸನ್‌ಗೆ ತಂತಿ ಹೆಚ್ಚಾಗಿ ಇಳಿಯುವುದು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಕಿರಿದಾದ ಗಂಟಿಗೆ. ಅದರ ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಅಷ್ಟರಲ್ಲೇ ಒಂದು ಭಾಗ ಚಲನೆಯದು, ಒಂದು ಆಲೋಚನೆಯದು, ತುದಿಯಲ್ಲಿ ಒಂದು ಭಾವನೆಯದು. ಎರಡು ಮಿಲಿಮೀಟರ್ ಅತ್ತಿತ್ತ ಆದರೆ ವಿದ್ಯುತ್ತು ಭಾವನೆಯ ಮನೆಗೆ ನುಗ್ಗುತ್ತದೆ. ಕೆಲವರು ಕಾರಣವಿಲ್ಲದೆ ಉಕ್ಕಿ ನಕ್ಕರು. ಕೆಲವರು ಉತ್ಸಾಹ ಹದ್ದು ಮೀರಿ, ನಿದ್ದೆ ಬಿಟ್ಟು, ಹಣ ಚೆಲ್ಲಾಡಿದರು. ಪ್ಯಾರಿಸ್ಸಿನ ವೈದ್ಯರು 1999ರಲ್ಲಿ ವರದಿ ಮಾಡಿದ 65ರ ಮಹಿಳೆಯ ಸಂಗತಿ ಮರೆಯುವಂಥದ್ದಲ್ಲ. ಖಿನ್ನತೆಯ ಹಿನ್ನೆಲೆಯೇ ಇಲ್ಲದ ಆಕೆಗೆ, ಎಡಗಡೆಯ ಒಂದು ಉಂಗುರಕ್ಕೆ ವಿದ್ಯುತ್ತು ಹರಿದ ಕೆಲವೇ ಸೆಕೆಂಡಿನಲ್ಲಿ ಮುಖ ಬಾಡಿ, ಕಣ್ಣೀರು ಹರಿದು, ಬದುಕೇ ಬೇಡವೆಂಬ ಮಾತು ಬಂತು. ನಿಲ್ಲಿಸಿದ ಒಂದೂವರೆ ನಿಮಿಷದೊಳಗೆ ಎಲ್ಲ ಮಾಯ. ದುಃಖವೆಂಬುದು ಹೀಗೆ ಗುಂಡಿ ಒತ್ತಿದರೆ ಬಂದು ಬಿಟ್ಟರೆ ಹೋಗುವುದಾದರೆ, ಅದನ್ನು ಒತ್ತುವವರ ಹೊಣೆ ಎಂಥದ್ದು! ಹಲವು ದೇಶಗಳ 5,311 ರೋಗಿಗಳ ದಾಖಲೆ ತೆಗೆದು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಜನ ಆತ್ಮಹತ್ಯೆ ಮಾಡಿಕೊಂಡಿದ್ದರು. ಅಪಾಯ ಹೆಚ್ಚಿದ್ದದ್ದು ಶಸ್ತ್ರಕ್ರಿಯೆಯಾದ ಮೊದಲ ವರ್ಷ. ಆ ವರ್ಷ ಮನೆಯವರು ಕೈನಡುಕ ನಿಂತ ಸಂತೋಷದಲ್ಲಿರುತ್ತಾರೆ.

ಇದಕ್ಕಿಂತ ಮೆಲ್ಲನೆ ಬರುವ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳದ ತೊಂದರೆ ನಿರಾಸಕ್ತಿ. ಆನ್ ಆರ್ಬರ್‌ನ ಮಾತು ಇಲ್ಲಿ ನೆರವಿಗೆ ಬರುತ್ತದೆ. ಓಲ್ಡ್ಸ್ ದುಡಿದ ಅದೇ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಗೆ ಕೆಂಟ್ ಬೆರಿಜ್, ಟೆರಿ ರಾಬಿನ್ಸನ್ ಜತೆಗೂಡಿ, ಇಲಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಸಾಗಿಸುವ ನರಗಳನ್ನು ನಾಶಮಾಡಿ ನೋಡಿದರು. ಅವು ತಾವಾಗಿ ಊಟ ಹುಡುಕಿ ಹೋಗುತ್ತಿರಲಿಲ್ಲ. ಮುಂದೆ ರಾಶಿ ಹಾಕಿದರೂ ಮುಟ್ಟುತ್ತಿರಲಿಲ್ಲ. ಆದರೆ ನಾಲಗೆಗೆ ಸಕ್ಕರೆ ನೀರು ಬಿಟ್ಟರೆ ಎಂದಿನಂತೆ ಚಪ್ಪರಿಸುತ್ತಿದ್ದವು. ರುಚಿ ಉಳಿದಿತ್ತು, ಬೇಕೆಂಬ ಹಂಬಲ ಸತ್ತಿತ್ತು. ಓಲ್ಡ್ಸ್ ಕಂಡ ಇಲಿಗಳು ಸನ್ನೆಕೋಲು ಒತ್ತುತ್ತಿದ್ದುದು ಸುಖಕ್ಕೋ ಬರಿಯ ಹಂಬಲಕ್ಕೋ ಎಂಬ ಪ್ರಶ್ನೆ ಹೀಗೆ ಮರುಹುಟ್ಟು ಪಡೆಯಿತು.

ಪಾರ್ಕಿನ್ಸನ್‌ನಲ್ಲಿ ಸಾಯುವುದೂ ಇದೇ ಡೋಪಮಿನ್ ನರಗಳು. ಡಿಬಿಎಸ್ ಆದಮೇಲೆ ನಡುಕ, ಬಿಗಿತ ತಗ್ಗಿದ್ದರಿಂದ ವೈದ್ಯರು, ಮೆದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುವ ಲೆವೊಡೋಪವನ್ನು ಬಹಳಷ್ಟು ಇಳಿಸುತ್ತಾರೆ. ಕೈಕಾಲು ನೆಟ್ಟಗಾದರೂ ಹಂಬಲಕ್ಕೆ ಬೇಕಾದ ಆಸರೆ ಅಲ್ಲಿಗೆ ತಪ್ಪುತ್ತದೆ. ಫ್ರಾನ್ಸಿನ ಸ್ಟೆಫಾನ್ ತೊಬುವಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 63 ಜನರ ಪೈಕಿ 34 ಮಂದಿ ಒಂದು ವರ್ಷದೊಳಗೆ ಹೀಗೆ ನಿರಾಸಕ್ತರಾದರು. ಬಟ್ಟೆಯ ಗುಂಡಿ ತಾನೇ ಹಾಕಿಕೊಳ್ಳಬಲ್ಲವರು, ಹೊರಗೆ ಹೋಗಲು ಮನಸ್ಸು ಮಾಡುವುದಿಲ್ಲ. ಮೊಮ್ಮಕ್ಕಳು ಫೋನ್ ಮಾಡಿದರೆ ಹೂಂ ಎನ್ನುತ್ತಾರೆ, ತಾವಾಗಿ ಮಾಡುವುದಿಲ್ಲ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ, ಹಟ ಎನ್ನುತ್ತಾರೆ, ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ. ಇಂಥವರಿಗೆ ಡೋಪಮಿನ್‌ನಂತೆ ಕೆಲಸ ಮಾಡುವ ಪಿರಿಬೆಡಿಲ್ ಔಷಧಿ ಕೊಟ್ಟಾಗ ನಿರಾಸಕ್ತಿ ತಗ್ಗಿತೆಂದು ಅದೇ ತಂಡ 2013ರಲ್ಲಿ ತೋರಿಸಿತು. ಆದರೆ ಇಂಥ ಔಷಧಿ ಮಿತಿ ಮೀರಿ ಜೂಜಿನ ಗೀಳು ಹತ್ತಿದವರೂ ಇದ್ದಾರೆ. ಎರಡರ ನಡುವೆ ಪ್ರತಿಯೊಬ್ಬ ರೋಗಿಗೂ ಅವರವರ ಅಳತೆಯನ್ನು ಹುಡುಕಬೇಕು, ತಿಂಗಳುಗಳೇ ಹಿಡಿಯುತ್ತವೆ.

ಶಿಕಾಗೊ ಈ ಕಥೆಗೆ ಮತ್ತೊಮ್ಮೆ ಬರುತ್ತದೆ. ನಗರದ ಪಶ್ಚಿಮ ಭಾಗದ ರಷ್ ವಿಶ್ವವಿದ್ಯಾಲಯದ ಆಸ್ಪತ್ರೆಯ ಕ್ರಿಸ್ಟೊಫರ್ ಗೆಟ್ಸ್ ಅವರ ನಾಯಕತ್ವದಲ್ಲಿ ಪಾರ್ಕಿನ್ಸನ್ ಅಳೆಯುವ ಪ್ರಶ್ನಾವಳಿಯನ್ನು ಹೊಸದಾಗಿ ರೂಪಿಸಿ 2008ರಲ್ಲಿ ಪ್ರಕಟಿಸಿದರು.  ಈಗ ಲೋಕದ ಹೆಚ್ಚಿನ ಕಡೆ ಬಳಕೆಯಲ್ಲಿರುವ ಈ ಪ್ರಶ್ನಾವಳಿ ಕೈ ನೋಡುವ ಮುನ್ನ ಮನಸ್ಸನ್ನು ಕೇಳುತ್ತದೆ. ಮೊದಲ ಭಾಗದ ಮೂರನೆಯ ಪ್ರಶ್ನೆ ಖಿನ್ನತೆಯದು, ನಾಲ್ಕನೆಯದು ಆತಂಕದ್ದು, ಐದನೆಯದು ನಿರಾಸಕ್ತಿಯದು, ಆರನೆಯದು ಜೂಜು ಮುಂತಾದ ಗೀಳುಗಳದ್ದು. ಕಳೆದ ಒಂದು ವಾರದಲ್ಲಿ ಹೇಗಿದ್ದಿರಿ ಎಂದು ಕೇಳಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುತ್ತಾರೆ. ರೋಗಿಯ ಜತೆಗೆ ಆರೈಕೆ ಮಾಡುವವರೂ ಉತ್ತರಿಸಬಹುದು. ನಿರಾಸಕ್ತಿ ಹತ್ತಿದವರು ತಾವಾಗಿ ದೂರುವುದಿಲ್ಲವಾದ್ದರಿಂದ, ಐದನೆಯ ಪ್ರಶ್ನೆಯ ನಿಜವಾದ ಉತ್ತರ ಎಷ್ಟೋ ಸಲ ಪಕ್ಕದ ಕುರ್ಚಿಯಲ್ಲಿ ಕುಳಿತ ಹೆಂಡತಿಯಿಂದಲೋ ಮಗಳಿಂದಲೋ ಬರುತ್ತದೆ. ಬ್ಯಾಟರಿಯ ವೋಲ್ಟೇಜು ತಗ್ಗಿಸಬೇಕೆ, ಉಂಗುರ ಬದಲಿಸಬೇಕೆ, ನಿಲ್ಲಿಸಿದ ಔಷಧಿಯನ್ನು ಮತ್ತೆ ಶುರುಮಾಡಬೇಕೆ ಎಂಬುದನ್ನು ವೈದ್ಯರು ಆ ಉತ್ತರ ಕೇಳಿದಮೇಲೆ ತೀರ್ಮಾನಿಸುತ್ತಾರೆ.